ಪಾಲಿಗೆ ಬಂದ ಹಾರ್ಡ್ ಡಿಸ್ಕು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಈಗ ಹೇಳಹೊರಟಿರುವ ಪ್ರಸಂಗದಲ್ಲಿ ಕಂಪ್ಯೂಟರಿನದು ಎಳ್ಳಷ್ಟೂ ತಪ್ಪಿಲ್ಲ. ಅದು ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡಿತು. ಆಡಬೇಕಾದ ಒಂದು ಮಾತನ್ನು ಆಡಬೇಕಾದ ಹೊತ್ತಿಗೆ ಆಡದೆ ಬಾಯಿ ಬಿಗಿದುಕೊಂಡು ಕೂತವನು ನಾನು.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಗೋಕಾಕದ ಪೇಟೆಯಲ್ಲಿ ನಮ್ಮದೊಂದು ಫೋಟೋ ಸ್ಟುಡಿಯೋ ಇತ್ತು. ಅಪ್ಪ ಇದ್ದಾಗ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದ ಅಂಗಡಿ ನಮ್ಮ ಕಾಲಕ್ಕೆ ಮದುವೆ ವಿಡಿಯೋಗೆ ತಿರುಗಿತ್ತು. ಅಣ್ಣ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಶೂಟಿಂಗಿಗೆ ಹೋಗುವವನು, ನಾನು ಮನೆಯಲ್ಲಿ ಕೂತು ಮಿಕ್ಸಿಂಗ್ ಮಾಡುವವನು. ಮಿಕ್ಸಿಂಗ್ ಎಂದರೆ ಮದುವೆ ವಿಡಿಯೋವನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ, ಗುಲಾಬಿ ಎಸಳು ಉದುರಿಸಿ ಸಿಡಿ ಮಾಡಿಕೊಡುವುದು. ಘಟಪ್ರಭಾ ದಾಟದ ಎಷ್ಟೋ ದಂಪತಿಗಳನ್ನು ನಾನು ತಾಜಮಹಲಿನ ಮುಂದೆ ನಿಲ್ಲಿಸಿದ್ದೇನೆ, ಸ್ವಿಟ್ಜರ್ಲೆಂಡಿನ ಹಿಮದಲ್ಲಿ ಓಡಾಡಿಸಿದ್ದೇನೆ. ಅವರಿಗೆ ಸ್ವೆಟರ್ ಕೂಡ ಬೇಕಾಗಲಿಲ್ಲ.

ತೊಂದರೆಯಿದ್ದದ್ದು ಜಾಗದ್ದು. ಒಂದು ಗಂಟೆಯ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಸಿದರೆ ಹದಿಮೂರು ಜಿಬಿ ನುಂಗುತ್ತಿತ್ತು. ಒಂದು ಮದುವೆಗೆ ಎರಡೋ ಮೂರೋ ಕ್ಯಾಸೆಟ್. ನನ್ನ ಹತ್ತಿರ ಇದ್ದದ್ದು ನಲವತ್ತು ಜಿಬಿಯ ಡಿಸ್ಕು. ಒಂದು ಮದುವೆಯನ್ನು ಮುಗಿಸಿ ಅಳಿಸದ ಹೊರತು ಇನ್ನೊಂದು ಮದುವೆ ಒಳಗೆ ಬರುವಂತಿರಲಿಲ್ಲ. ಜೊತೆಗೆ ಸೀಜನ್ನಿನಲ್ಲಿ ಕ್ಯಾಸೆಟ್ಟುಗಳಿಗೂ ಬರ. ನಾನು ಇಳಿಸಿಕೊಂಡ ಕ್ಯಾಸೆಟ್ಟನ್ನೇ ಅಣ್ಣ ಮರುದಿನ ಇನ್ನೊಂದು ಮದುವೆಗೆ ಒಯ್ದು, ಹಳೆಯದರ ಮೇಲೆಯೇ ಹೊಸದನ್ನು ಶೂಟ್ ಮಾಡುತ್ತಿದ್ದ. ನಮ್ಮ ಕಡೆ ಈ ದಂಧೆಯಲ್ಲಿ ಬಹಳ ಜನ ಹೀಗೇ ಮಾಡುತ್ತಿದ್ದರು. ಹಾಗಾಗಿ ಒಮ್ಮೆ ಇಳಿಸಿದ ಮೇಲೆ ಆ ಮದುವೆ ಉಳಿಯುತ್ತಿದ್ದದ್ದು ನನ್ನ ಡಿಸ್ಕಿನಲ್ಲಿ ಮಾತ್ರ.

ಈ ಪೇಚಾಟದಲ್ಲಿದ್ದಾಗ ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಒಂದು ಕಂಪ್ಯೂಟರ್ ಪತ್ರಿಕೆಯಲ್ಲಿ ರೇಡ್ ಎಂಬುದರ ಬಗ್ಗೆ ಓದಿದೆ. ಎರಡು ಹಾರ್ಡ್ ಡಿಸ್ಕುಗಳನ್ನು ಜೋಡಿಸಿದರೆ ಕಂಪ್ಯೂಟರಿಗೆ ಅವು ಒಂದೇ ಡಿಸ್ಕಿನ ಹಾಗೆ ಕಾಣುತ್ತವಂತೆ. ಅದರಲ್ಲಿ ಎರಡು ಬಗೆ. ಒಂದರಲ್ಲಿ ಬರೆದದ್ದೆಲ್ಲ ಎರಡೂ ಡಿಸ್ಕುಗಳಲ್ಲಿ ಹಾಗೆ ಹಾಗೇ ಬೀಳುತ್ತದೆ. ಒಂದು ಕೆಟ್ಟರೂ ಇನ್ನೊಂದು ಇರುತ್ತದೆ, ಆದರೆ ಸಿಗುವ ಜಾಗ ಒಂದು ಡಿಸ್ಕಿನಷ್ಟೇ. ಇನ್ನೊಂದರಲ್ಲಿ ಪ್ರತಿ ಫೈಲನ್ನೂ ಚೂರು ಮಾಡಿ, ಒಂದು ಚೂರು ಇಲ್ಲಿ, ಮುಂದಿನ ಚೂರು ಅಲ್ಲಿ ಎಂದು ಹಂಚಿ ಬರೆಯುತ್ತದೆ. ಜಾಗ ಎರಡರಷ್ಟು, ವೇಗವೂ ಹೆಚ್ಚುಕಡಿಮೆ ಎರಡರಷ್ಟು. ಮೊದಲನೆಯದು ಹುಷಾರಿನವರಿಗೆ, ಎರಡನೆಯದು ಆಸೆಬುರುಕರಿಗೆ. ನಾನು ಎರಡನೆಯದನ್ನು ಆರಿಸಿಕೊಳ್ಳಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

ಬೆಳಗಾವಿಯಿಂದ ಎಂಬತ್ತು ಜಿಬಿಯ ಎರಡು ಹೊಸ ಡಿಸ್ಕು ಬಂದವು. ಒಂದನ್ನು ನಾನು ಕೊಂಡೆ, ಇನ್ನೊಂದನ್ನು ಅಣ್ಣ ಕೊಡಿಸಿದ. ಹಳೆಯ ಡಿಸ್ಕಿಗಿದ್ದ ಅಗಲವಾದ ಪಟ್ಟಿಯಂಥ ಕೇಬಲ್ ಇವಕ್ಕೆ ಇರಲಿಲ್ಲ, ತೆಳ್ಳಗಿನ ಕೆಂಪು ವೈರು. ಪೆಟ್ಟಿಗೆಯ ಬಾಜೂ ಬಿಚ್ಚಿ ಒಂದರ ಕೆಳಗೊಂದು ಕೂರಿಸಿ ಸ್ಕ್ರೂ ಬಿಗಿದೆ. ವೈನಿ ಅಲ್ಲೇ ಹೊಸ್ತಿಲ ಬಳಿ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರು. ನನ್ನ ಅಣ್ಣನ ಹೆಂಡತಿಗೆ ಯಾವುದನ್ನೂ ಕೇಳದೆ ಬಿಡುವ ಸ್ವಭಾವವಿಲ್ಲ.

"ಏನ್ರಿ ಅದು, ಎರಡೆರಡು?"

ನಾನು ಜಂಬದಿಂದ ವಿವರಿಸಿದೆ. ಒಂದು ಪತ್ರ ಬರೆಯಬೇಕಾಗಿದೆ ಅಂತ ತಿಳಿಯಿರಿ. ಮೊದಲನೆಯ ಅಕ್ಷರ ಈ ನೋಟುಬುಕ್ಕಿನಲ್ಲಿ, ಎರಡನೆಯ ಅಕ್ಷರ ಆ ನೋಟುಬುಕ್ಕಿನಲ್ಲಿ, ಮೂರನೆಯದು ಮತ್ತೆ ಇದರಲ್ಲಿ. ಎರಡೂ ಕೈಯಲ್ಲಿ ಒಟ್ಟಿಗೆ ಬರೆದರೆ ಪತ್ರ ಬೇಗ ಮುಗಿಯುತ್ತದಲ್ಲವೇ?

"ಮತ್ತ ಒಂದ ಬುಕ್ಕು ಕಳದು ಹೋದ್ರ?" ಅಂದರು ವೈನಿ.

"ಯಾಕ ಕಳೀತೈತ್ರಿ? ಎರಡೂ ಒಂದ ಡಬ್ಬಿಯಾಗ ಇರ್ತಾವ."

ವೈನಿ ಅಕ್ಕಿಯಿಂದ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದರು.

ಸ್ಕ್ರೂ ಬಿಗಿಯುವುದು ಸುಲಭದ ಭಾಗ. ವಿಂಡೋಸ್ ಹಾಕುವ ಸಿಡಿಗೆ ಈ ಜೋಡಿ ಡಿಸ್ಕು ಕಾಣಿಸಬೇಕಾದರೆ ಅದಕ್ಕೊಂದು ವ್ರತವೇ ಇತ್ತು. ಸಿಡಿ ಓಡತೊಡಗಿದ ಕೂಡಲೇ ಪರದೆಯ ಕೆಳಗೆ ಒಂದು ಸಾಲು ನಾಲ್ಕೈದು ಸೆಕೆಂಡು ಬಂದು ಮಾಯವಾಗುತ್ತದೆ. ಅಷ್ಟರೊಳಗೆ ಎಫ್-ಸಿಕ್ಸ್ ಗುಂಡಿ ಒತ್ತಬೇಕು, ಆಮೇಲೆ ಫ್ಲಾಪಿ ಹಾಕಿ, ಡಿಸ್ಕುಗಳ ಗುರುತು ಹೇಳುವ ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಮ್ ಕೊಡಬೇಕು. ಮೊದಲ ಸಲ ಒತ್ತುವುದು ತಡವಾಯಿತು. ಎರಡನೆಯ ಸಲ ವೈನಿ ಚಹಾ ಬೇಕೇನ್ರಿ ಎಂದು ಕೇಳಿದರು, ಬೇಕು ಅನ್ನುವಷ್ಟರಲ್ಲಿ ಸಾಲು ಹೋಗಿತ್ತು. ಮೂರನೆಯ ಸಲ ಗುಂಡಿ ಬರೋಬರಿ ಒತ್ತಿದೆ, ಫ್ಲಾಪಿ ಗರ್ ಗರ್ ಎಂದು ಕೆಮ್ಮಿ ಕೈಯೆತ್ತಿತು. ಗೋಕಾಕದಲ್ಲಿ ಆ ದಿನ ಒಳ್ಳೆಯ ಫ್ಲಾಪಿ ಒಂದೂ ಸಿಗಲಿಲ್ಲ. ಹುಕ್ಕೇರಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ಗೆಳೆಯನೊಬ್ಬನಿದ್ದ. ಬಸ್ಸು ಹತ್ತಿ ಅಲ್ಲಿಗೆ ಹೋಗಿ, ಅದೇ ಡ್ರೈವರನ್ನು ಮೂರು ಫ್ಲಾಪಿಗಳಲ್ಲಿ ಹಾಕಿಸಿಕೊಂಡು, ಧೂಳು ಬೀಳದಿರಲೆಂದು ಊಟದ ಡಬ್ಬಿಯೊಳಗಿಟ್ಟು ತಂದೆ. ಎರಡನ್ನು ಕಂಪ್ಯೂಟರು ತಿರಸ್ಕರಿಸಿತು. ಮೂರನೆಯದನ್ನು ಒಪ್ಪಿಕೊಂಡಿತು.

ಸಂಜೆ ಅಣ್ಣ ಬಂದಾಗ ಪರದೆಯ ಮೇಲೆ ಒಂದೇ ಒಂದು ದೊಡ್ಡ ಡಿಸ್ಕು ಕಾಣುತ್ತಿತ್ತು. ಅಣ್ಣ ಬಗ್ಗಿ ನೋಡಿದ.

"ಎಂಬತ್ತು ಎಂಬತ್ತು ನೂರಾ ಅರವತ್ತಲ್ಲೇನಲೇ? ಇಲ್ಲಿ ನೂರಾ ನಲವತ್ತೊಂಬತ್ತು ಅಂತ ತೋರಸ್ತೈತಿ. ಉಳಿದ ಹನ್ನೊಂದು ಯಾರು ತಿಂದ್ರು?"

ಕಂಪ್ಯೂಟರು ಜಿಬಿ ಅಳೆಯುವ ಲೆಕ್ಕ ಬೇರೆ, ಡಿಸ್ಕು ಮಾರುವವರ ಲೆಕ್ಕ ಬೇರೆ ಎಂದು ಹೇಳಿದೆ. ಅಣ್ಣ ನಂಬಿದ ಹಾಗೆ ಕಾಣಲಿಲ್ಲ. ಆದರೂ ಆ ಸೀಜನ್ನಿನಲ್ಲಿ ನಮ್ಮ ಮನೆಯೊಳಗೆ ಒಂದೇ ಸಲಕ್ಕೆ ಮೂರು ಮದುವೆಗಳು ಆರಾಮಾಗಿ ಇಳಿದುಕೊಂಡವು. ನನಗೆ ಕೋಡು ಬಂದಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಆ ಮೂರರಲ್ಲಿ ಒಂದು ನಮ್ಮ ಓಣಿಯ ಚಾಚಾನ ಮಗಳ ಮದುವೆ. ಚಾಚಾನದು ವೆಲ್ಡಿಂಗ್ ಅಂಗಡಿ. ನಮ್ಮ ಓಣಿಯ ಕಿಟಕಿಗಳ ಗ್ರಿಲ್ಲು, ಜೈನ ಬಸದಿಯ ಹಿಂದಿನ ಗೇಟು, ನಮ್ಮ ಸ್ಟುಡಿಯೋದ ಶಟರು, ಎಲ್ಲವೂ ಅವರ ಕೈಯವು. ಒಬ್ಬಳೇ ಮಗಳು, ಹುಕ್ಕೇರಿಯ ಮನೆತನಕ್ಕೆ ಕೊಟ್ಟಿದ್ದರು. ಮಗಳಿಗೆ ಕೊಡುವ ಕಬ್ಬಿಣದ ಕಪಾಟನ್ನು ತಾನೇ ಮಾಡಬೇಕೆಂದು ಮದುವೆಯ ಹಿಂದಿನ ದಿನದವರೆಗೂ ಕೂತರು. ಗಡಿಬಿಡಿಯಲ್ಲಿ ಕರಿ ಗಾಜು ಅಡ್ಡ ಹಿಡಿಯದೆ ಎಷ್ಟೋ ಬೆಸುಗೆ ಹಾಕಿದರು. ವೆಲ್ಡಿಂಗಿನ ಬೆಳಕು ಹಾಗೆ ಕಣ್ಣಿಗೆ ಬಡಿದರೆ ಬಿಡುವುದಿಲ್ಲ. ಮದುವೆಯ ದಿನ ಬೆಳಿಗ್ಗೆ ಎರಡೂ ಕಣ್ಣು ಬಾತು, ಮರಳು ತುಂಬಿದ ಹಾಗಾಗಿ, ಡಾಕ್ಟರು ಎರಡಕ್ಕೂ ಹತ್ತಿಯಿಟ್ಟು ಪಟ್ಟಿ ಕಟ್ಟಿಬಿಟ್ಟರು. ನಾಳೆಯ ತನಕ ಬಿಚ್ಚಬಾರದು, ಕಣ್ಣು ಒದ್ದೆ ಮಾಡಿಕೊಳ್ಳಬಾರದು, ಅಳುವುದಂತೂ ಬೇಡವೇ ಬೇಡ ಎಂದು ತಾಕೀತು ಮಾಡಿದ್ದರಂತೆ.

ಹೀಗೆ ಚಾಚಾ ತಮ್ಮ ಒಬ್ಬಳೇ ಮಗಳ ಮದುವೆಯಲ್ಲಿ ಬಾಗಿಲ ಪಕ್ಕ ಕಬ್ಬಿಣದ ಖುರ್ಚಿಯ ಮೇಲೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತರು. ಬಂದವರಿಗೆಲ್ಲ ನಗುತ್ತ ಒಂದೇ ಮಾತು: "ನಾ ಆಮ್ಯಾಲೆ ಟಿವಿಯಾಗ ನೋಡ್ತೇನಿ ಬಿಡ್ರಿ."

ನಾಲ್ಕು ದಿನ ಬಿಟ್ಟು ಕಣ್ಣು ನೆಟ್ಟಗಾಗಿ ನಮ್ಮ ಮನೆಗೆ ಬಂದರು. ನಾನು ಮೂರೂ ಕ್ಯಾಸೆಟ್ ಇಳಿಸಿದ್ದೆ, ಆದರೆ ಮಿಕ್ಸಿಂಗ್ ಶುರು ಮಾಡಿರಲಿಲ್ಲ. ಇಳಿಸುವಾಗ ನಾವು ಕೂತು ನೋಡುವುದಿಲ್ಲ. ಗುಂಡಿ ಒತ್ತಿ ಚಹಾ ಕುಡಿಯಲು ಹೋಗುತ್ತೇವೆ. ಚಾಚಾ ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತರು.

"ಬೇಟಾ, ಅದರಾಗ ಅಕಿ ಹೊಂಟು ನಿಂತದ್ದು ಐತೇನು?"

"ಇರಬೇಕ್ರಿ. ಅಣ್ಣ ಕಡೀತನಕಾ ಹಿಡದಾನ."

"ಅಕಿ ನನಗ ಹೇಳದ ಹೋದ್ಳು. ಅಪ್ಪನ ಮುಂದ ಬಂದು ಒಂದ ಮಾತು, ಹೋಗಿಬರ್ತೇನಿ ಅಂತ... ಅನ್ನಲಿಲ್ಲ. ಗಾಡಿ ಸಪ್ಪಳಾ ಕೇಳಿ ನನಗ ತಿಳೀತು, ಹೋದ್ಳು ಅಂತ."

ಅವರ ಹೆಂಡತಿ, ನಮ್ಮ ಚಾಚಿ, ಬೇರೆಯದೇ ಹೇಳುತ್ತಿದ್ದರಂತೆ: ಬಂದಿದ್ದಳು, ನಿಮ್ಮ ಮುಂದೆಯೇ ನಿಂತಿದ್ದಳು ಎಂದು. ಮಗಳೂ ಫೋನಿನಲ್ಲಿ ಅದನ್ನೇ ಹೇಳಿದಳಂತೆ. ಚಾಚಾ ನಂಬಲಿಲ್ಲ. "ತಾಯಿ-ಮಗಳು ಕೂಡಿ ಸಮಾಧಾನ ಮಾಡಾಕತ್ತಾರ. ನನ್ನ ಮಗಳು ನನ್ನ ಮುಂದ ನಿಂತ್ರ ನನಗ ತಿಳೀದಿಲ್ಲೇನು?" ಅಂದರು. ಅವತ್ತಿನಿಂದ ಮಗಳ ಫೋನು ಬಂದರೆ ಅವರು ಎತ್ತುವುದಿಲ್ಲ, ಹುಕ್ಕೇರಿಗೆ ಕರೆದರೂ ಹೋಗಿಲ್ಲ. ಮಾತಿನಲ್ಲಿ ಸಿಟ್ಟಿತ್ತು. ಆದರೆ ಸಿಟ್ಟಿನ ವಿಷಯದಲ್ಲಿ ನನಗೆ ಅನುಭವವಿದೆ. ಅದು ಸಿಟ್ಟಲ್ಲ, ನೋವು ಎಂದು ನನಗೆ ತಿಳಿಯಿತು. ಎಂಟು ದಿನದೊಳಗೆ ಸಿಡಿ ಕೊಡುತ್ತೇನೆ ಎಂದು ಮಾತು ಕೊಟ್ಟೆ.

ಆ ಎಂಟು ದಿನದೊಳಗೆ ನಮ್ಮ ಮನೆ ಒಡೆಯಿತು.

ಕಾರಣ ಕೇಳಿದರೆ ನಗು ಬರುತ್ತದೆ. ಬೇರೊಂದು ಮದುವೆಯ ಸಿಡಿಯಲ್ಲಿ ನಾನು ಹೊಸದಾಗಿ ಕಲಿತಿದ್ದ ಒಂದು ಕರಾಮತ್ತು ಹಾಕಿದ್ದೆ: ತಿರುಗುತ್ತ ಬರುವ ಕೆಂಪು ಹೃದಯ, ಅದರ ನಡುವೆ ವರನ ಮುಖ. ಕೈ ತಪ್ಪಿ ಅಲ್ಲಿ ವರನ ಅಪ್ಪನ ಮುಖ ಕೂತಿತ್ತು. ಬೀಗರೆಲ್ಲ ಟಿವಿ ಮುಂದೆ ಕೂತಾಗ ಎಪ್ಪತ್ತರ ಮುದುಕರೊಬ್ಬರು ಹೃದಯದಲ್ಲಿ ಗಿರಗಿರ ತಿರುಗುತ್ತ ವಧುವಿನ ಕಡೆ ಬಂದರು. ಅವರು ಸ್ಟುಡಿಯೋಗೆ ಬಂದು ಕೂಗಾಡಿದರು, ಅಣ್ಣ ಅವರೆದುರಿಗೇ ನನ್ನನ್ನು ಬೈದ. ನಾನು ತಿರುಗಿ ಬೈದೆ. ಹಳೆಯದೆಲ್ಲ ಹೊರಬಂತು: ಯಾರು ಹೆಚ್ಚು ದುಡಿಯುವವರು, ಯಾರ ಹೆಂಡತಿ ಯಾರಿಗೆ ಏನಂದಳು, ಅಪ್ಪನ ಸೈಕಲ್ಲು ಯಾರಿಗೆ ಸಿಕ್ಕಿತು. ಮೂರು ದಿನಕ್ಕೆ ಬೇರೆಯಾಗುವುದೆಂದು ತೀರ್ಮಾನವಾಯಿತು. ನನ್ನ ಹೆಂಡತಿ ಮೂಡಲಗಿಯಲ್ಲಿ ಸಾಲಿ ಮಾಸ್ತರಣಿ, ದಿನಾ ಗೋಕಾಕದಿಂದ ಬಸ್ಸಿನಲ್ಲಿ ಓಡಾಡಿ ಸೋತಿದ್ದಳು. ಅಲ್ಲಿಯೇ ಮನೆ ಹಿಡಿಯೋಣ ಅಂದಳು.

ಪಾಲು ಮಾಡಲು ಬೆಲ್ಲದ ಬಾಗೇವಾಡಿಯಿಂದ ನಮ್ಮ ಸೋದರಮಾವ ಬಂದರು. ಅವರು ಇಂಥ ಹತ್ತು ಮನೆಗಳ ಪಾಲು ಮಾಡಿದವರು, ಎಲ್ಲಿಯೂ ತಕರಾರು ಬಂದಿಲ್ಲ ಎಂಬ ಹೆಸರಿತ್ತು. ಅವರ ಪದ್ಧತಿ ಎರಡೇ. "ಹಿರಿಯಾಂವ ಪಾಲ ಹಾಕ್ಲಿ, ಕಿರಿಯಾಂವ ಮೊದ್ಲ ಆರಿಸ್ಕೊಳ್ಲಿ. ಜೋಡಿ ಇದ್ದದ್ದು ಒಬ್ಬಗ ಒಂದು." ಇದರಲ್ಲಿ ಮೋಸಕ್ಕೆ ಜಾಗವಿಲ್ಲ. ಆರಿಸುವವನು ತಮ್ಮನಾದ್ದರಿಂದ ಅಣ್ಣ ಎರಡೂ ಪಾಲನ್ನು ಸಮನಾಗಿಯೇ ಹಾಕುತ್ತಾನೆ. ಅಣ್ಣ ಕ್ಯಾಮೆರಾ, ಲೈಟು, ಸ್ಟುಡಿಯೋ ಒಂದು ಕಡೆ ಹಾಕಿದ. ಮನೆಯ ಕಂಪ್ಯೂಟರು, ಪ್ರಿಂಟರು, ಇದ್ದದ್ದರಲ್ಲಿ ಒಳ್ಳೆಯ ಸಾಮಾನುಗಳನ್ನೆಲ್ಲ ಇನ್ನೊಂದು ಕಡೆ ಹಾಕಿದ. ನಾನು ಕಂಪ್ಯೂಟರಿನ ಪಾಲು ಅಂದೆ. ಆಮೇಲೆ ಜೋಡಿಗಳು ಬಂದವು. ಎರಡು ಹಂಡೆ, ಒಬ್ಬರಿಗೊಂದು. ಎರಡು ಮಂಚ, ಒಬ್ಬರಿಗೊಂದು. ಅವ್ವ ಗೋಡೆಗೆ ಒರಗಿ ಎಲ್ಲ ನೋಡುತ್ತಿದ್ದಳು.

"ಇನ್ನ ಏನರ ಉಳದೈತೇನು?" ಮಾವ ಕೇಳಿದರು.

"ಆ ಕಂಪ್ಯೂಟರಿನಾಗ ನಾ ಕೊಡಿಸಿದ್ದೊಂದು ಡಿಸ್ಕು ಐತಿ," ಅಂದ ಅಣ್ಣ. ಅದು ಬೇಕೆಂದು ಕೇಳಿದ್ದಲ್ಲ, ನನ್ನನ್ನು ಚುಚ್ಚಬೇಕೆಂದು ಕೇಳಿದ್ದು.

ಮಾವ ಪೆಟ್ಟಿಗೆ ಬಿಚ್ಚಿಸಿದರು. ಬಗ್ಗಿ ನೋಡಿ ಅವರ ಮುಖ ಅರಳಿತು. "ಎರಡೂ ಒಂದ ನಮೂನಿ ಅದಾವಲ್ಲೋ! ಇದಕ್ಕೇನು ತಕರಾರು? ಒಬ್ಬಗ ಒಂದು. ನೀ ಕಿರಿಯಾಂವ, ನೀ ಆರಿಸು."

ಆಗ ನಾನು ಹೇಳಬಹುದಿತ್ತು. ಇವೆರಡನ್ನು ಬೇರೆ ಮಾಡಿದರೆ ಎರಡೂ ಕೆಲಸಕ್ಕೆ ಬಾರದ ಕಬ್ಬಿಣ, ಒಳಗಿರುವುದು ಯಾರಿಗೂ ದಕ್ಕುವುದಿಲ್ಲ, ಎರಡನ್ನೂ ನೀನೇ ಇಟ್ಟುಕೋ ಎಂದು ಹೇಳಬಹುದಿತ್ತು. ನನಗೆ ಗೊತ್ತಿತ್ತು. ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ ಎಂದು ಆಗ ಅಂದುಕೊಂಡಿದ್ದೆ. ಆದರೆ ಅಣ್ಣ ಬಾಯಿಬಿಟ್ಟು ಕೇಳಿದ ಮೇಲೆ ಬಿಚ್ಚುವುದು ಬೇಡ ಎಂದು ಬಗ್ಗುವುದು ಹೇಗೆ? ಸ್ಕ್ರೂಡ್ರೈವರ್ ತಗೊಂಡು ಕೆಳಗಿನದನ್ನು ಬಿಚ್ಚಿ ಅಣ್ಣನ ಮುಂದೆ ಇಟ್ಟೆ. "ತಗೋ. ನಿಂದು ನಿನಗ," ಅಂದೆ. ಮಾವ ತೃಪ್ತಿಯಿಂದ ಎಲೆಯಡಿಕೆ ಕೇಳಿದರು. ಖರೆ ಹೇಳುತ್ತೇನೆ, ಆ ಕ್ಷಣದಲ್ಲಿ ಚಾಚಾನ ಮದುವೆ ನನ್ನ ನೆನಪಿಗೇ ಬರಲಿಲ್ಲ. ಸಿಟ್ಟು ಬಂದಾಗ ನನ್ನ ತಲೆಯೊಳಗೆ ಒಬ್ಬನಿಗಷ್ಟೇ ಜಾಗ, ಅದು ನನಗೆ.

ಮೂಡಲಗಿಗೆ ಬಂದ ಮೇಲೆ ನನ್ನ ಪಾಲಿನ ಡಿಸ್ಕನ್ನು ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿ ಕಪಾಟಿನ ಮೇಲಿಟ್ಟೆ. ಹಳೆಯ ನಲವತ್ತು ಜಿಬಿಯನ್ನೇ ಹಾಕಿಕೊಂಡು ಊರವರಿಗೆ ಲಗ್ನಪತ್ರಿಕೆ ಟೈಪು ಮಾಡಿಕೊಡತೊಡಗಿದೆ. ಹದಿನೈದು ದಿನ ಕಳೆದಿರಬೇಕು, ಒಂದು ಶನಿವಾರ ಮಧ್ಯಾಹ್ನ ಬಾಗಿಲಲ್ಲಿ ಚಾಚಾ ನಿಂತಿದ್ದರು. ಗೋಕಾಕದಿಂದ ಬಸ್ಸಿನಲ್ಲಿ ಬಂದು, ಮನೆ ಕೇಳಿಕೊಂಡು ಕೇಳಿಕೊಂಡು, ಬಿಸಿಲಿಗೆ ಕೆಂಪಾಗಿದ್ದರು.

"ಬೇಟಾ, ನಿಮ್ಮ ಅಣ್ಣನ್ನ ಕೇಳಿದೆ, ತಮ್ಮನ ಹಂತ್ಯಾಕ ಐತಿ ಅಂದ. ಆತೇನು?"

ಕ್ಯಾಸೆಟ್ಟುಗಳ ಮೇಲೆ ಬೇರೆ ಮದುವೆಗಳು ಬಂದು ಕೂತಾಗಿತ್ತು. ಇವರ ಮಗಳ ಮದುವೆ ಅರ್ಧ ಮೂಡಲಗಿಯ ಕಪಾಟಿನ ಮೇಲೆ, ಅರ್ಧ ಗೋಕಾಕದಲ್ಲಿ ಎಲ್ಲಿಯೋ. ಅದೂ ಮೊದಲರ್ಧ, ಎರಡನೆಯರ್ಧ ಎಂದಲ್ಲ; ಪ್ರತಿಯೊಂದು ಚಿತ್ರವೂ ಚೂರು ಚೂರಾಗಿ ಎರಡು ಕಡೆ. ಅಣ್ಣ ತನ್ನ ಪಾಲಿನದನ್ನು ಬೇರೆ ಕಂಪ್ಯೂಟರಿಗೆ ಹಾಕಿದ್ದರೆ, ಅದು 'ಅಳಿಸಲೇ' ಎಂದು ಕೇಳಿದ್ದರೆ, ಅವನು 'ಹೂಂ' ಅಂದಿದ್ದರೆ, ಮುಗಿದೇ ಹೋಯಿತು.

"ಇನ್ನೊಂದ ದಿನ ತಡೀರಿ ಚಾಚಾ," ಅಂದೆ. ಅವರಿಗೆ ಮಜ್ಜಿಗೆ ಕುಡಿಸಿ ಬಸ್ಸು ಹತ್ತಿಸಿದೆ. ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಮರುದಿನ ರವಿವಾರ ಬೆಳಿಗ್ಗೆ ಕಂಪ್ಯೂಟರಿನ ಪೆಟ್ಟಿಗೆಯನ್ನು ಚಾದರದಲ್ಲಿ ಕಟ್ಟಿ, ಡಿಸ್ಕನ್ನು ಅಂಗಿಯೊಳಗೆ ಇಟ್ಟುಕೊಂಡು ಗೋಕಾಕದ ಬಸ್ಸು ಹತ್ತಿದೆ. ಕಂಡಕ್ಟರು ಗಂಟನ್ನು ತಟ್ಟಿ "ಇದರಾಗ ಏನ್ರಿ?" ಅಂದ. "ಮದುವಿ ಐತ್ರಿ," ಅಂದೆ. ಅವನು ಗಂಟಿಗೂ ಒಂದು ಟಿಕೆಟ್ ಹರಿದ.

ಅಣ್ಣ ಅಂಗಳದಲ್ಲಿ ಬೈಕು ತೊಳೆಯುತ್ತಿದ್ದ. ನನ್ನನ್ನು ನೋಡಿ ಮತ್ತೆ ಚಕ್ರದ ಕಡೆ ತಿರುಗಿದ. ನಾನು ದಾರಿಯುದ್ದಕ್ಕೂ ಚೆಂದದ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದೆ. ಒಂದೂ ಬರಲಿಲ್ಲ.

"ನಿನ್ನ ಡಿಸ್ಕು ಎಲ್ಲೈತಿ?"

"ಯಾಕ? ಅದನ್ನೂ ಒಯ್ಯಾಕ ಬಂದಿಯೇನು?" ಅಂದ ಅಣ್ಣ. "ಸ್ಟುಡಿಯೋದ ಕಂಪ್ಯೂಟರಿಗೆ ಅದು ಕೂಡ್ರೂದಿಲ್ಲ, ಆ ಕೆಂಪ ವೈರಿನ ತೂತ ಇಲ್ಲ ಅದಕ್ಕ. ನಾಳೆ ಬೆಳಗಾಂವಿಗೆ ಕಳಿಸಿ ಬದಲಿ ಹಳೇ ನಮೂನಿದು ತರಿಸಾಂವ ಇದ್ದೇನಿ."

ನಾನು ಬಾವಿಕಟ್ಟೆಯ ಮೇಲೆ ಕೂತುಬಿಟ್ಟೆ. ಎಲ್ಲವನ್ನೂ ಹೇಳಿದೆ: ಚಾಚಾ, ಮಗಳು, ಚೂರು ಚೂರಾದ ಮದುವೆ. ಕೊನೆಗೆ, "ಅವತ್ತ ನನಗ ಗೊತ್ತಿತ್ತು. ಗೊತ್ತಿದ್ದೂ ಸುಮ್ನ ಬಿಚ್ಚಿ ಕೊಟ್ಟೆ," ಅಂದೆ.

ಅಣ್ಣ ಬಟ್ಟೆ ಹಿಂಡಿ ಹಗ್ಗದ ಮೇಲೆ ಹಾಕಿದ. "ನನಗ ಸಿಟ್ಟು ಬಂದಿತ್ತು, ನಿನಗ ಸೊಕ್ಕು ಬಂದಿತ್ತು," ಅಂದವನು ಒಳಗೆ ಹೋಗಿ ಮೇಜಿನ ಖಾನೆ ಎಳೆದ. ಡಿಸ್ಕು ಅಲ್ಲಿರಲಿಲ್ಲ. ಖಾನೆಗಳನ್ನೆಲ್ಲ ಎಳೆದ. ಎಲ್ಲಿಯೂ ಇಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಡುಗೆಮನೆಯಿಂದ ವೈನಿ ಬಂದರು, ಕೈಯೆಲ್ಲ ಹಿಟ್ಟು.

"ಅದು ನನ್ನ ಟ್ರಂಕಿನಾಗ ಐತಿ. ಬದಲಿ ಮಾಡ್ತೇನಿ ಅಂತ ಕುಣ್ಯಾಕತ್ತಿದ್ರು ಇವ್ರು. ಅರ್ಧ ಅಕ್ಷರದ ಬುಕ್ಕದು, ಹೆಂಗ ಬದಲಿ ಮಾಡೂದು ಅಂತ ತಗದಿಟ್ಟೆ."

ಗೊತ್ತಿದ್ದದ್ದು ನನಗೊಬ್ಬನಿಗೇ ಅಲ್ಲ ಎಂದು ಆಗ ತಿಳಿಯಿತು. ವೈನಿ ಟ್ರಂಕು ತೆಗೆದರು. ಡಿಸ್ಕು ಅವರ ಧಾರೆ ಸೀರೆಯ ಮಡಿಕೆಯೊಳಗೆ ಬೆಚ್ಚಗೆ ಮಲಗಿತ್ತು. ರೇಷ್ಮೆಯ ತಿಕ್ಕಾಟಕ್ಕೆ ಹುಟ್ಟುವ ಒಂದು ಕಿಡಿ ಸಾಕು ಡಿಸ್ಕು ಸಾಯಲು ಎಂದು ಪತ್ರಿಕೆಯಲ್ಲಿ ಓದಿದ್ದೆ. ಓದಿದ್ದನ್ನು ಬಾಯಿಬಿಟ್ಟು ಹೇಳುವ ಮೂರ್ಖತನ ಮಾಡಲಿಲ್ಲ.

ಅಣ್ಣ ಸ್ಟುಡಿಯೋದ ಕಂಪ್ಯೂಟರಿನ ಪರದೆ, ಕೀಬೋರ್ಡು ತಂದ. ಕಟ್ಟೆಯ ಮೇಲೆ ಪೆಟ್ಟಿಗೆ ಬಿಚ್ಚಿ ಕೂತೆವು. ನಾನು ಡಿಸ್ಕು ಹಿಡಿದೆ, ಅಣ್ಣ ಸ್ಕ್ರೂ ಬಿಗಿದ. ಯಾವುದು ಮೇಲಿತ್ತು, ಯಾವುದು ಕೆಳಗಿತ್ತು ಎಂಬುದರ ಬಗ್ಗೆ ಅಲ್ಲೂ ಒಂದು ಸಣ್ಣ ಜಗಳವಾಯಿತು. ಗುಂಡಿ ಒತ್ತಿದಾಗ ಕಪ್ಪು ಪರದೆಯ ಮೇಲೆ ಕೆಂಪು ಅಕ್ಷರ ಬಂತು: ಜೋಡಿ ಪೂರ್ತಿಯಿಲ್ಲ, ಒಂದು ಡಿಸ್ಕು ಕಾಣುತ್ತಿಲ್ಲ. ನನಗೆ ರೇಷ್ಮೆ ಸೀರೆ ನೆನಪಾಯಿತು. ಅಣ್ಣ ಬಗ್ಗಿ ಕೆಂಪು ವೈರಿನ ತುದಿಯನ್ನು ಬೆರಳಿನಿಂದ ಒತ್ತಿದ. ಟಕ್ ಎಂದು ಸಪ್ಪಳವಾಯಿತು, ಅದು ಸರಿಯಾಗಿ ಕೂತಿರಲೇ ಇಲ್ಲ. ಮತ್ತೆ ಗುಂಡಿ ಒತ್ತಬೇಕು ಅನ್ನುವಾಗ ಕರೆಂಟು ಹೋಯಿತು. ರವಿವಾರ ಗೋಕಾಕದಲ್ಲಿ ಕರೆಂಟು ಹೋದರೆ ಯಾವಾಗ ಬರುವುದೆಂದು ಯಾರೂ ಹೇಳಲಾರರು. ವೈನಿ ಇಬ್ಬರಿಗೂ ಊಟಕ್ಕೆ ಹಾಕಿದರು. ಹದಿನೈದು ದಿನದ ಮೇಲೆ ಅಣ್ಣನ ಪಕ್ಕ ಕೂತು ರೊಟ್ಟಿ ಮುರಿದೆ. ಬದನೆಕಾಯಿ ಎಣ್ಣೆಗಾಯಿ ನನಗೆ ಇಷ್ಟ ಎಂದು ಅವನು ತನ್ನ ತಾಟಿನಿಂದ ಎರಡು ನನ್ನ ತಾಟಿಗೆ ದಾಟಿಸಿದ.

ಎರಡು ಗಂಟೆಗೆ ಕರೆಂಟು ಬಂತು. ಕಪ್ಪು ಪರದೆಯ ಮೇಲೆ ಈ ಸಲ ಹಸಿರು ಅಕ್ಷರ: ಜೋಡಿ ಸರಿಯಾಗಿದೆ. ನಾನು ಯಾವತ್ತೂ ಕಂಪ್ಯೂಟರಿಗೆ ಕೈ ಮುಗಿದವನಲ್ಲ. ಅವತ್ತು ಮುಗಿದೆ.

ಅಣ್ಣನೇ ಹೋಗಿ ಚಾಚಾನನ್ನು ಕರೆತಂದ. ಮಿಕ್ಸಿಂಗ್ ಇಲ್ಲ, ಹಾಡಿಲ್ಲ, ಹೂವಿಲ್ಲ, ಕ್ಯಾಮೆರಾ ಹಿಡಿದದ್ದು ಹಾಗೇ ಇದೆ ಎಂದು ಹೇಳಿದೆ. "ಹಂಗ ಇರ್ಲಿ. ಕಡೀದು ಮೊದ್ಲ ತೋರ್ಸು," ಅಂದರು. ಮೂರನೆಯ ಕ್ಯಾಸೆಟ್ಟಿನ ಕೊನೆಗೆ ಹೋದೆ. ಬಾಗಿಲು, ಜನ, ಬ್ಯಾಂಡಿನ ಗದ್ದಲ. ಕಬ್ಬಿಣದ ಖುರ್ಚಿಯ ಮೇಲೆ ಚಾಚಾ, ಕಣ್ಣಿಗೆ ಬಿಳಿ ಪಟ್ಟಿ, ಕೈಯಲ್ಲಿ ಕರ್ಚೀಫು. ಒಳಗಿನಿಂದ ಮಗಳು ಬಂದಳು. ಜೊತೆಗಿದ್ದ ಹೆಂಗಸೊಬ್ಬರು ಏನೋ ಹೇಳಲು ಬಾಯಿ ತೆರೆದರು. ಹುಡುಗಿ ತುಟಿಯ ಮೇಲೆ ಬೆರಳಿಟ್ಟು ಬೇಡ ಅಂದಳು. ಆಮೇಲೆ ಅಪ್ಪನ ಮುಂದೆ, ಒಂದು ಮೊಳ ದೂರದಲ್ಲಿ, ನಿಂತಳು. ಸುಮ್ಮನೆ ನಿಂತಳು. ದುಪಟ್ಟದ ತುದಿಯನ್ನು ಬಾಯಿಗೆ ತುರುಕಿಕೊಂಡು ಅಳು ನುಂಗುತ್ತಿದ್ದಳು. ಒಮ್ಮೆ ಕೈ ಮುಂದೆ ಬಂದು, ಪಟ್ಟಿಯ ಹತ್ತಿರ ಹೋಗಿ, ಮುಟ್ಟದೆ ಹಿಂದೆ ಹೋಯಿತು.

ಆ ಗದ್ದಲದ ನಡುವೆ ಚಾಚಾನದೇ ದನಿ ಕೇಳಿಸಿತು. ಪಕ್ಕದವರನ್ನು ಕೇಳುತ್ತಿದ್ದರು: "ಅಕಿ ಇನ್ನೂ ಹೊರಗ ಬರಲಿಲ್ಲೇನು?"

ಹುಡುಗಿ ಇಲ್ಲ ಅನ್ನುವಂತೆ ಎಲ್ಲರಿಗೂ ತಲೆಯಲ್ಲಾಡಿಸಿದಳು. ಮಾತಾಡಿದರೆ ಅಪ್ಪ ಅಳುತ್ತಾರೆ, ಪಟ್ಟಿ ಕಿತ್ತುಹಾಕುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಯಾರೂ ಉತ್ತರ ಕೊಡಲಿಲ್ಲ.

"ಇದನ್ನ ನಾ ಹಿಡದೇನಿ?" ಅಂದ ಅಣ್ಣ ಮೆಲ್ಲಗೆ. ಆಗ ಅವನು ಬ್ಯಾಟರಿಯ ಗುರುತನ್ನಷ್ಟೇ ನೋಡುತ್ತ ನಿಂತಿದ್ದನಂತೆ. ವೈನಿ ಸೆರಗಿನಿಂದ ಮುಖ ಒರೆಸಿಕೊಂಡರು. ಚಾಚಾ ಮಾತ್ರ ಕಣ್ಣು ಮಿಟುಕಿಸದೆ ಪರದೆಯನ್ನೇ ನೋಡುತ್ತಿದ್ದರು. ಗಾಡಿಯ ಹಾರ್ನು ಕೇಳಿತು, ಹುಡುಗಿ ಹಿಂದೆ ಹಿಂದೆ ಹೆಜ್ಜೆಯಿಡುತ್ತ, ಅಪ್ಪನಿಗೆ ಬೆನ್ನು ಮಾಡದೆ, ಜನರೊಳಗೆ ಹೋದಳು.

"ಎಷ್ಟ ಹೊತ್ತು ನಿಂತಿದ್ಳು ಬೇಟಾ?"

ಪರದೆಯ ಕೆಳಗೆ ಸೆಕೆಂಡುಗಳ ಲೆಕ್ಕ ಓಡುತ್ತಿರುತ್ತದೆ. ಅವಳು ಬಂದ ಜಾಗಕ್ಕೆ ಹೋಗಿ, ಹೋದ ಜಾಗಕ್ಕೆ ಬಂದು ನೋಡಿದೆ. "ಎರಡ ನಿಮಿಷ ನಲವತ್ತ ಸೆಕೆಂಡ್ ರೀ."

ಚಾಚಾ ಎದ್ದರು. ಚಪ್ಪಲಿ ಮೆಟ್ಟಿಕೊಂಡರು. ಉಳಿದದ್ದನ್ನೂ ನೋಡಿ ಹೋಗಿರಿ, ಸಿಡಿ ಮಾಡಿಕೊಡುತ್ತೇನೆ ಎಂದು ನಾನಂದರೆ, ಸಿಡಿ ಆಮೇಲೆ ಅಂದರು. "ಹುಕ್ಕೇರಿ ಬಸ್ಸು ಎಷ್ಟಕ್ಕೈತಿ?" ಅಣ್ಣ ಬೈಕಿನ ಕೀಲಿ ತೆಗೆದುಕೊಂಡು, ಬಸ್ಸು ಯಾಕ್ರಿ, ನಾ ಬಿಡ್ತೇನಿ ಬರ್ರಿ ಅಂದ.

ಅಂಗಳದಲ್ಲಿ ಬೈಕಿನ ಹಿಂದೆ ಕೂರುವ ಮುನ್ನ ಚಾಚಾ ತಡವರಿಸಿದರು. ತಿಂಗಳಾಗುತ್ತ ಬಂತು ಮಗಳ ಫೋನು ನೀವು ಎತ್ತಿಲ್ಲ, ಈಗ ಹೋಗಿ ಏನು ಹೇಳುತ್ತೀರಿ ಎಂದು ವೈನಿಯೇ ಕೇಳಿಬಿಟ್ಟರು.

"ಏನೂ ಹೇಳೂದಿಲ್ಲವ್ವಾ," ಅಂದರು ಚಾಚಾ. "ಅಕಿ ಬಾಗಲಾ ತಗದ್ಲಂದ್ರ, ನಾನೂ ಅಕಿ ಮುಂದ ಎರಡ ನಿಮಿಷ ನಲವತ್ತ ಸೆಕೆಂಡ ಸುಮ್ನ ನಿಂದರ್ತೇನಿ."